100 ಆಂಪ್ ಸಾಲುತ್ತಾ, 200 ಬೇಕಾ? ಅಮೆರಿಕದ ಮನೆಗಳಲ್ಲಿ ಪ್ಯಾನಲ್ ಬದಲಾವಣೆಯ ಗೊಂದಲ

ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡಿರುವವರ ಕಿವಿಗೆ ಈಗ ಮೂರು ಕಡೆಯಿಂದ ಮೂರು ಮಾತು ಬೀಳುತ್ತಿವೆ. ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಅಥವಾ ಹೀಟ್ ಪಂಪ್ (ಮನೆಯನ್ನು ಬೆಚ್ಚಗೂ ತಂಪಾಗಿಯೂ ಇಡುವ ವಿದ್ಯುತ್ ಯಂತ್ರ) ಹಾಕಿಸಲು ಹೋದರೆ, "ನಿಮ್ಮದು 100 ಆಂಪ್ ಪ್ಯಾನಲ್, ಸಾಲೋದಿಲ್ಲ, 200ಕ್ಕೆ ಏರಿಸಲೇಬೇಕು" ಅನ್ನುತ್ತಾರೆ ಕಂಟ್ರಾಕ್ಟರ್. ಪ್ಯಾನಲ್ ಅಂದರೆ ಇಲ್ಲಿ ಸೋಲಾರ್ ಪ್ಯಾನಲ್ ಅಲ್ಲ, ಮನೆಗೆಲ್ಲ ಕರೆಂಟ್ ಹಂಚುವ ಬ್ರೇಕರ್ ಪೆಟ್ಟಿಗೆ. ಇದಕ್ಕೆ ಸಿಗುತ್ತಿದ್ದ ತೆರಿಗೆ ರಿಯಾಯಿತಿ ಮುಗಿದುಹೋಯಿತು ಅನ್ನುತ್ತದೆ ಸುದ್ದಿ. ಪ್ಯಾನಲ್ ಮುಟ್ಟಿದರೆ ಇಂದಿನ ಕೋಡ್ (ವಿದ್ಯುತ್ ಸುರಕ್ಷತೆಯ ನಿಯಮಾವಳಿ) ಪ್ರಕಾರವೇ ಮಾಡಬೇಕು, ಇಲ್ಲದಿದ್ದರೆ ಇನ್‌ಸ್ಪೆಕ್ಷನ್ ಪಾಸಾಗುವುದಿಲ್ಲ ಅನ್ನುತ್ತದೆ ಊರಿನ ಕಟ್ಟಡ ಇಲಾಖೆ.

ಮೂರರಲ್ಲೂ ಒಂದಿಷ್ಟು ನಿಜ ಇದೆ. ಆದರೆ ಮೂರನ್ನೂ ಒಟ್ಟಿಗೆ ಕೇಳಿದವರಿಗೆ ಭಯವೇ ಜಾಸ್ತಿಯಾಗುತ್ತದೆ. ಆ ಭಯದಲ್ಲಿ ಕೆಲವರು ಬೇಡದ ಕೆಲಸಕ್ಕೆ ಸಾವಿರಾರು ಡಾಲರ್ ಸುರಿಯುತ್ತಾರೆ. ಇನ್ನು ಕೆಲವರು ಪರ್ಮಿಟ್ ಇಲ್ಲದೆ ಗುಟ್ಟಾಗಿ ಮಾಡಿಸಿಕೊಂಡು ಆಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡನ್ನೂ ತಪ್ಪಿಸಬಹುದು. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಒಂದೇ: ಮನೆಯ ಲೋಡ್ ಲೆಕ್ಕ, ಅಂದರೆ ಮನೆಗೆ ಒಟ್ಟು ಎಷ್ಟು ಕರೆಂಟ್ ಬೇಕು ಅನ್ನುವ ಲೆಕ್ಕ, ಹಾಕಿಸುವುದು. ಪ್ಯಾನಲ್ ಬದಲಿಸುವ ಮಾತು ಅದಾದ ಮೇಲೆ.

ರಿಯಾಯಿತಿಯ ವಿಷಯದಲ್ಲಿ ಆಗಿದ್ದೇನು?

2022ರ ಆಗಸ್ಟ್‌ನಲ್ಲಿ ಬಂದ ಇನ್‌ಫ್ಲೇಶನ್ ರಿಡಕ್ಷನ್ ಆಕ್ಟ್ ಮನೆಯ ಇಂಧನ ಸುಧಾರಣೆಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತ್ತು. ತೆರಿಗೆ ಕಾಯ್ದೆಯಲ್ಲಿ ಅದರ ಹೆಸರು 25ಸಿ. ಅದರಡಿ ಎಲೆಕ್ಟ್ರಿಕ್ ಪ್ಯಾನಲ್‌ಗೂ ಖರ್ಚಿನ ಶೇಕಡಾ 30, ಹೆಚ್ಚೆಂದರೆ 600 ಡಾಲರ್ ಸಿಗುತ್ತಿತ್ತು. 2032ರವರೆಗೆ ನಡೆಯಬೇಕಿದ್ದ ಯೋಜನೆ ಇದು. 2025ರ ಜುಲೈ 4ರಂದು ಸಹಿಯಾದ ಹೊಸ ಕಾಯ್ದೆ ಅದನ್ನು ನಡುವೆಯೇ ಕಡಿದುಹಾಕಿತು. 2025ರ ಡಿಸೆಂಬರ್ 31ರ ನಂತರ ಅಳವಡಿಸಿದ್ದಕ್ಕೆ ಈ ರಿಯಾಯಿತಿ ಇಲ್ಲ.

ಇಲ್ಲಿ ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ 600 ಡಾಲರ್ ಯಾವ ಪ್ಯಾನಲ್‌ಗೆ ಬೇಕಾದರೂ ಸಿಗುತ್ತಿರಲಿಲ್ಲ. ಪ್ಯಾನಲ್ ಕನಿಷ್ಠ 200 ಆಂಪ್‌ನದ್ದಾಗಿರಬೇಕಿತ್ತು. ಜೊತೆಗೆ ಹೀಟ್ ಪಂಪ್‌ನಂಥ, ಅದೇ ಯೋಜನೆಯಡಿ ಬರುವ ಬೇರೊಂದು ಉಪಕರಣದ ಜೊತೆ, ಅದಕ್ಕೆ ಅನುಕೂಲ ಮಾಡಿಕೊಡಲು ಹಾಕಿದ್ದಾಗಿರಬೇಕಿತ್ತು. ಸುಮ್ನೆ ಕಾರಿನ ಚಾರ್ಜರ್‌ಗೋಸ್ಕರ ಪ್ಯಾನಲ್ ಏರಿಸಿದವರಿಗೆ ಆಗಲೂ 25ಸಿ ಅಡಿಯಲ್ಲಿ ದಾರಿ ಇರಲಿಲ್ಲ. ಹಾಗಾಗಿ "ರಿಯಾಯಿತಿ ಕೈತಪ್ಪಿತು" ಎಂದು ಬೇಸರ ಮಾಡಿಕೊಳ್ಳುತ್ತಿರುವ ಎಷ್ಟೋ ಮಂದಿಗೆ ಅದು ಸಿಗುತ್ತಲೇ ಇರಲಿಲ್ಲ.

ಚಾರ್ಜರ್‌ನದ್ದು ಬೇರೆ ಸೆಕ್ಷನ್, 30ಸಿ. ಶೇಕಡಾ 30, ಗರಿಷ್ಠ 1,000 ಡಾಲರ್. ಕಡಿಮೆ ಆದಾಯದ ಅಥವಾ ನಗರದಾಚೆಯ ಗುರುತಿಸಿದ ಪ್ರದೇಶಗಳಲ್ಲಿರುವ ಮನೆಗಳಿಗಷ್ಟೇ ಇದು ಸಲ್ಲುತ್ತದೆ. ಅದೂ 2026ರ ಜೂನ್ 30ರೊಳಗೆ ಅಳವಡಿಸಿದ್ದಕ್ಕೆ ಮಾತ್ರ.

ಇವೆರಡರ ಗದ್ದಲದಲ್ಲಿ ಮರೆತೇಹೋಗಿರುವ ಮೂರನೆಯದೊಂದಿದೆ. 2022ರ ಅದೇ ಕಾಯ್ದೆ ರಾಜ್ಯಗಳ ಮೂಲಕ ಹಂಚುವ ರಿಬೇಟ್ ಯೋಜನೆಯನ್ನೂ ತಂದಿತ್ತು. ಮನೆಯ ಆದಾಯ ಆ ಪ್ರದೇಶದ ಮಧ್ಯಮ ಆದಾಯದ ಶೇಕಡಾ 150ರೊಳಗಿದ್ದರೆ ಪ್ಯಾನಲ್‌ಗೆ 4,000 ಡಾಲರ್‌ವರೆಗೆ, ವೈರಿಂಗ್‌ಗೆ 2,500 ಡಾಲರ್‌ವರೆಗೆ ಸಿಗಬಹುದು. ಇದು ತೆರಿಗೆ ರಿಯಾಯಿತಿಯಲ್ಲ. ಇದನ್ನು ನಡೆಸುವುದು ಆಯಾ ರಾಜ್ಯ. ಒಂದು ರಾಜ್ಯದಲ್ಲಿ ಬಾಗಿಲು ತೆರೆದಿದ್ದರೆ ಪಕ್ಕದ ರಾಜ್ಯದಲ್ಲಿ ಮುಚ್ಚಿರಬಹುದು. ಕೆಲಸ ಶುರುವಾಗುವ ಮುನ್ನವೇ ರಾಜ್ಯದ ಇಂಧನ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಮುಗಿದ ಮೇಲೆ ಅರ್ಜಿ ಹಾಕಿದರೆ ಕೈ ಖಾಲಿ ಉಳಿಯುವ ಸಾಧ್ಯತೆಯೇ ಜಾಸ್ತಿ.

100 ಆಂಪ್ ಅಂದರೆ ಎಷ್ಟು?

ಭಾರತದ ಮನೆಗಳಿಗೆ ಸಾಮಾನ್ಯವಾಗಿ ಬರುವುದು 230 ವೋಲ್ಟ್, ಒಂದು ಫೇಸ್, ಒಂದು ನ್ಯೂಟ್ರಲ್. ಅಮೆರಿಕದ್ದು ಬೇರೆ ಥರ. ಅಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಎರಡು ಜೀವಂತ ತಂತಿ, ನಡುವೆ ಒಂದು ನ್ಯೂಟ್ರಲ್ ಬರುತ್ತವೆ. ಯಾವುದಾದರೂ ಒಂದು ಜೀವಂತ ತಂತಿಗೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್. ದೀಪ, ಫ್ರಿಜ್, ಟಿವಿಗೆ ಅಷ್ಟು ಸಾಕು. ಎರಡು ಜೀವಂತ ತಂತಿಗಳ ನಡುವೆ 240 ವೋಲ್ಟ್. ಎಸಿ, ಬಟ್ಟೆ ಒಣಗಿಸುವ ಡ್ರೈಯರ್, ವಿದ್ಯುತ್ ಒಲೆ, ಕಾರಿನ ಚಾರ್ಜರ್ ಇದರಲ್ಲಿ ನಡೆಯುತ್ತವೆ.

ಮೇನ್ ಬ್ರೇಕರ್ ಮೇಲೆ 100 ಎಂದು ಬರೆದಿದ್ದರೆ ಎರಡೂ ತಂತಿಗಳಲ್ಲಿ ತಲಾ 100 ಆಂಪ್ ಹರಿಯಬಹುದು ಎಂದರ್ಥ. 240ರಿಂದ ಗುಣಿಸಿದರೆ 24,000 ವೋಲ್ಟ್-ಆಂಪಿಯರ್, ಅಂದಾಜು 24 ಕಿಲೋವ್ಯಾಟ್. 200 ಆಂಪ್ ಆದರೆ 48. ಒಂಟಿ ಮನೆಗೆ ಕೋಡ್ ಕೇಳುವ ಕನಿಷ್ಠ ಸಾಮರ್ಥ್ಯವೇ 100 ಆಂಪ್. ಹಾಗಾಗಿ 100 ಆಂಪ್ ಅನ್ನುವುದು ತಪ್ಪೂ ಅಲ್ಲ, ಕಾನೂನು ಮೀರಿದ್ದೂ ಅಲ್ಲ.

ಗೊಂದಲ ಹುಟ್ಟುವುದು ಪ್ಯಾನಲ್ ಬಾಗಿಲು ತೆಗೆದಾಗ. ಒಳಗಿನ ಬ್ರೇಕರ್‌ಗಳ ಮೇಲೆ 15, 20, 20, 30, 50 ಎಂದೆಲ್ಲ ಇರುತ್ತದೆ. ಕೂಡಿಸಿದರೆ 300 ದಾಟುತ್ತದೆ. ಅಯ್ಯೋ, 100ರ ಮೇನ್ ಇಟ್ಟುಕೊಂಡು 300 ನಡೆಸುತ್ತಿದ್ದೇವಾ ಅನ್ನಿಸುವುದು ಸಹಜ. ಆದರೆ ಒಂದೊಂದು ಬ್ರೇಕರ್ ಇರುವುದು ಅದರ ಹಿಂದಿನ ವೈರ್ ಕಾಯಲು. ಆ ವೈರ್ ತಡೆಯುವುದಕ್ಕಿಂತ ಜಾಸ್ತಿ ಕರೆಂಟ್ ಹರಿದರೆ ಅದು ಟ್ರಿಪ್ ಆಗಿ ಬೀಳುತ್ತದೆ, ಅಷ್ಟೇ. ಮನೆಯಲ್ಲಿ ಒಮ್ಮೆಲೇ ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದನ್ನು ಆ ಸಂಖ್ಯೆಗಳು ಹೇಳುವುದಿಲ್ಲ. ಬ್ರೇಕರ್‌ಗಳನ್ನು ಕೂಡಿಸಿ ತೋರಿಸಿ "ನೋಡಿ, ಮೀರಿಹೋಗಿದೆ" ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ಲೆಕ್ಕ ಹಾಕುವುದು ಹೇಗೆ?

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್, ಅಂದರೆ ಎನ್‌ಇಸಿ, ಇದಕ್ಕೊಂದು ವಿಧಾನ ಕೊಟ್ಟಿದೆ. 2023ರ ಆವೃತ್ತಿಯಲ್ಲಿ ಅದು ಆರ್ಟಿಕಲ್ 220. ಅದರಲ್ಲಿ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಮನೆಗಳಿಗೆ ತುಂಬಾ ಬಳಕೆಯಲ್ಲಿರುವ ಒಂದನ್ನು ಹಿಡಿದು ಒಂದು ಉದಾಹರಣೆ ಮಾಡೋಣ.

1,800 ಚದರ ಅಡಿಯ ಮನೆ. ಒಲೆ, ನೀರು ಕಾಯಿಸುವುದು ಎರಡೂ ಗ್ಯಾಸಿನಲ್ಲಿ. ದೀಪ, ಸಾಮಾನ್ಯ ಪ್ಲಗ್‌ಗಳಿಗೆ ಚದರ ಅಡಿಗೆ 3 ವೋಲ್ಟ್-ಆಂಪಿಯರ್‌ನಂತೆ 5,400. ಅಡುಗೆಮನೆಯ ಎರಡು ಸರ್ಕ್ಯೂಟ್‌ಗೆ 3,000, ಬಟ್ಟೆ ಒಗೆಯುವ ಜಾಗಕ್ಕೆ 1,500. ಇಲ್ಲಿಗೆ 9,900. ಪಾತ್ರೆ ತೊಳೆಯುವ ಯಂತ್ರ, ಸಿಂಕ್‌ನ ಗ್ರೈಂಡರ್, ಗೋಡೆಗೆ ಕೂರಿಸಿದ ಮೈಕ್ರೋವೇವ್, ಡ್ರೈಯರ್ ಸೇರಿ ಇನ್ನೊಂದು 8,500. ಒಟ್ಟು 18,400.

ಕೋಡ್‌ನ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಇವೆಲ್ಲ ಒಂದೇ ಗಳಿಗೆಯಲ್ಲಿ ಓಡುವುದಿಲ್ಲ ಅನ್ನುವುದು ಅನುಭವದ ಮಾತು. ಹಾಗಾಗಿ ಮೊದಲ 10,000ವನ್ನು ಪೂರ್ತಿ ಹಿಡಿದು, ಉಳಿದದ್ದರಲ್ಲಿ ಶೇಕಡಾ 40 ಮಾತ್ರ ತೆಗೆದುಕೊಳ್ಳಲು ಕೋಡ್ ಬಿಡುತ್ತದೆ. 10,000 ಮತ್ತು 3,360, ಅಂದರೆ 13,360. ಎಸಿ ಮಾತ್ರ ಗಂಟೆಗಟ್ಟಲೆ ಓಡುತ್ತದೆ, ಅದನ್ನು ಪೂರ್ತಿ ಸೇರಿಸಬೇಕು. ಅದು 4,000 ಅಂದುಕೊಂಡರೆ 17,360. ಇದನ್ನು 240ರಿಂದ ಭಾಗಿಸಿದರೆ ಸುಮಾರು 72 ಆಂಪ್. 100 ಆಂಪ್ ಪ್ಯಾನಲ್‌ಗೆ ಆರಾಮ.

ಈಗ 32 ಆಂಪ್‌ನ ಕಾರ್ ಚಾರ್ಜರ್ ಬಂತು. ಅದು 7,680. ಪೂರ್ತಿಯಾಗಿ ಸೇರಿಸಿದರೆ 25,040, ಅಂದರೆ 104 ಆಂಪ್. ಬರೀ 4 ಆಂಪ್ ಜಾಸ್ತಿ! ಈ 4 ಆಂಪ್ ಸುತ್ತಲೇ ಇವತ್ತಿನ ಅರ್ಧ ವಾದ ನಡೆಯುತ್ತಿರುವುದು.

ಇದೇ ಮನೆಗೆ ಇನ್ನೊಂದು ದಾರಿಯೂ ಇದೆ. ವಿದ್ಯುತ್ ಕಂಪನಿಯ ಮೀಟರ್‌ನಲ್ಲಿ ಒಂದು ವರ್ಷದ ಬಳಕೆಯ ದಾಖಲೆ ಇರುತ್ತದೆ. ಆ ವರ್ಷದಲ್ಲಿ ಅತಿ ಹೆಚ್ಚು ಬೇಡಿಕೆ ಬಂದ ಗಳಿಗೆಯನ್ನು ಹುಡುಕಿ, ಅದಕ್ಕೆ ಇನ್ನೂ ಶೇಕಡಾ 25 ಸೇರಿಸಿ, ಅದರ ಮೇಲೆ ಹೊಸ ಲೋಡ್ ಕೂಡಿಸಲು ಕೋಡ್ ಒಪ್ಪುತ್ತದೆ. ಆ ಗರಿಷ್ಠ 8 ಕಿಲೋವ್ಯಾಟ್ ಇತ್ತು ಅಂದುಕೊಳ್ಳಿ. ಶೇಕಡಾ 25 ಸೇರಿಸಿದರೆ 10, ಚಾರ್ಜರ್ ಸೇರಿ 17.68. ಭಾಗಿಸಿದರೆ 74 ಆಂಪ್ ಹತ್ತಿರ. ಅದೇ ಮನೆ, ಅದೇ ಕಾರು. ಒಂದು ಲೆಕ್ಕದಲ್ಲಿ ಪ್ಯಾನಲ್ ಸಾಲದು, ಇನ್ನೊಂದರಲ್ಲಿ ಧಾರಾಳ. ಮೊದಲನೆಯದು ಮನೆಯನ್ನು ಕಾಗದದ ಮೇಲೆ ಅಂದಾಜು ಮಾಡುತ್ತದೆ. ಎರಡನೆಯದು ಆ ಮನೆಯವರು ನಿಜವಾಗಿ ಬದುಕುವ ರೀತಿಯನ್ನು ಅಳೆಯುತ್ತದೆ. ಎರಡಕ್ಕೂ ಕೋಡ್‌ನ ಒಪ್ಪಿಗೆ ಇದೆ.

ಎರಡು ವಾದಗಳು

200 ಆಂಪ್ ಪರ ಇರುವವರ ಮಾತಿನಲ್ಲಿ ತೂಕ ಇಲ್ಲದೆ ಇಲ್ಲ. ಇವತ್ತು ಕಾರು, ನಾಳೆ ಹೀಟ್ ಪಂಪ್, ನಾಡಿದ್ದು ಗ್ಯಾಸ್ ಒಲೆ ಹೋಗಿ ಇಂಡಕ್ಷನ್ ಒಲೆ. ಒಂದೊಂದಕ್ಕೂ ಪ್ಯಾನಲ್ ಬಿಚ್ಚುವ ಬದಲು ಒಂದೇ ಸಲ ದೊಡ್ಡದು ಮಾಡಿಬಿಟ್ಟರೆ ನಿಶ್ಚಿಂತೆ ಅನ್ನುತ್ತಾರೆ ಅವರು. ಬ್ರೇಕರ್ ಕೂರಿಸಲು ಖಾಲಿ ಜಾಗವೇ ಇಲ್ಲದ ಹಳೆ ಪ್ಯಾನಲ್‌ಗಳೂ ಇವೆ. ಸೋಲಾರ್ ಹಾಕಿಸುವವರಿಗೆ ಇನ್ನೊಂದು ಕಾರಣ ಇದೆ. ಪ್ಯಾನಲ್ ಒಳಗಿನ ಲೋಹದ ಪಟ್ಟಿಗೆ ಮೇನ್ ಬ್ರೇಕರ್ ಮತ್ತು ಸೋಲಾರ್ ಎರಡೂ ಕಡೆಯಿಂದ ಕರೆಂಟ್ ಬರುತ್ತದೆ. ಸಾಮಾನ್ಯವಾಗಿ ಬಳಸುವ ನಿಯಮದ ಪ್ರಕಾರ ಎರಡರ ಮೊತ್ತ ಪಟ್ಟಿಯ ಸಾಮರ್ಥ್ಯದ ಶೇಕಡಾ 120 ದಾಟಬಾರದು. 100ರ ಪಟ್ಟಿಗೆ 100ರ ಮೇನ್ ಇದ್ದರೆ ಸೋಲಾರ್‌ಗೆ ಉಳಿಯುವುದು 20 ಆಂಪ್ ಬ್ರೇಕರ್ ಮಾತ್ರ. 200ರಲ್ಲಿ 40.

ಎದುರು ವಾದ ಹೀಗಿದೆ. ಕಾರು ರಾತ್ರಿಯೆಲ್ಲ ಸುಮ್ನೆ ನಿಂತಿರುತ್ತದೆ, ಅಲ್ವಾ? ಡ್ರೈಯರ್ ಓಡುವಾಗಲೇ ಅದು 32 ಆಂಪ್ ಎಳೆಯಬೇಕೆಂದೇನೂ ಇಲ್ಲ. 16 ಆಂಪ್‌ನಲ್ಲಿ ಎಂಟು ಗಂಟೆ ಹಾಕಿದರೂ 30 ಯೂನಿಟ್ ತುಂಬುತ್ತದೆ. ಸಾಮಾನ್ಯ ಕಾರಿಗೆ ಸುಮಾರು 90ರಿಂದ 100 ಮೈಲಿ ಓಡಲು ಅದು ಸಾಕು. ಮನೆಯ ಒಟ್ಟು ಕರೆಂಟನ್ನು ನೋಡುತ್ತಾ, ಅದು ಮಿತಿಯ ಹತ್ತಿರ ಬಂದಾಗ ಕಾರಿನದ್ದನ್ನು ತಾನಾಗಿ ತಗ್ಗಿಸುವ ಸಾಧನಗಳಿವೆ. ಕೋಡ್ ಕೂಡ ಇಂಥ ಲೋಡ್ ನಿರ್ವಹಣೆಯನ್ನು ಒಪ್ಪುತ್ತದೆ. ಸರಿಯಾಗಿ ಅಳವಡಿಸಿದರೆ ಆ ಸಾಧನಕ್ಕೆ ಹಾಕಿದ ಮಿತಿಯನ್ನೇ ಲೆಕ್ಕಕ್ಕೆ ಹಿಡಿಯಬಹುದು. ನಮ್ಮ ಉದಾಹರಣೆಯ 4 ಆಂಪ್ ಕೊರತೆ ಅಲ್ಲಿಗೆ ಮಾಯ.

ಯಾವುದು ಸರಿ? ಮನೆಯಲ್ಲಿ ಈಗಾಗಲೇ ಎಲ್ಲವೂ ಗ್ಯಾಸಿನಲ್ಲಿದ್ದು, ಒಂದು ಕಾರು ಮಾತ್ರ ಸೇರುವುದಾದರೆ ಲೋಡ್ ನಿರ್ವಹಣೆಯೇ ಜಾಣತನ ಅನ್ನಿಸುತ್ತದೆ. ಚಳಿ ಜಾಸ್ತಿ ಇರುವ ಕಡೆ ಗ್ಯಾಸ್ ಪೂರ್ತಿ ಬಿಟ್ಟು ಹೀಟ್ ಪಂಪ್, ಅದಕ್ಕೆ ಬೆಂಬಲವಾಗಿ ವಿದ್ಯುತ್ ಹೀಟರ್, ಎರಡು ಕಾರು ಎಂದೆಲ್ಲ ಯೋಚಿಸಿದ್ದರೆ 200 ಆಂಪ್ ಮಾಡಿಸುವುದು ಸರಿಯಾದ ಖರ್ಚು. ಲೆಕ್ಕವನ್ನೇ ಮಾಡದೆ, ಗ್ಯಾರೇಜ್ ಬಾಗಿಲಲ್ಲಿ ನಿಂತು "200 ಬೇಕೇ ಬೇಕು" ಅನ್ನುವುದು ಮಾತ್ರ ತಪ್ಪು.

ಲೆಕ್ಕ ಬೇಡ, ಬದಲಿಸಲೇಬೇಕಾದ ಪ್ಯಾನಲ್‌ಗಳು

ಇವುಗಳ ವಿಷಯದಲ್ಲಿ ಆಂಪ್ ಎಷ್ಟು ಅನ್ನುವುದು ಮುಖ್ಯವೇ ಅಲ್ಲ. ಫೆಡರಲ್ ಪೆಸಿಫಿಕ್ ಕಂಪನಿಯ ಸ್ಟ್ಯಾಬ್-ಲಾಕ್ ಹೆಸರಿನ ಪ್ಯಾನಲ್‌ಗಳು 1950ರ ದಶಕದಿಂದ 1980ರ ದಶಕದವರೆಗೆ ಲಕ್ಷಾಂತರ ಮನೆಗಳಿಗೆ ಹೋದವು. ಇವುಗಳ ಬ್ರೇಕರ್‌ಗಳು ಬೀಳಬೇಕಾದಾಗ ಬೀಳದೆ ಕೂತುಬಿಡುತ್ತವೆ ಎಂಬ ದೂರು ಬಂದಾಗ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ತನಿಖೆ ಶುರುಮಾಡಿತು. 1983ರಲ್ಲಿ ತನಿಖೆ ಮುಚ್ಚಿತು. ಪ್ಯಾನಲ್ ಸುರಕ್ಷಿತ ಎಂದು ತೀರ್ಮಾನಿಸಿ ಮುಚ್ಚಿದ್ದಲ್ಲ. ಮುಂದಿನ ಪರೀಕ್ಷೆಗಳಿಗೆ ಬೇಕಾದಷ್ಟು ಹಣ ಇಲ್ಲ ಎಂದು ಮುಚ್ಚಿದ್ದು. ಹಾಗಾಗಿ ವಾಪಸ್ ಕರೆಸುವ ಆದೇಶವೇ ಬರಲಿಲ್ಲ. ಇವತ್ತಿಗೂ ಹಳೆ ಮನೆ ಕೊಳ್ಳುವವರು ಪ್ಯಾನಲ್ ಬಾಗಿಲು ತೆಗೆದಾಗ ಈ ಹೆಸರು ಕಣ್ಣಿಗೆ ಬೀಳುತ್ತದೆ. ಜಿನ್ಸ್ಕೋ ಪ್ಯಾನಲ್‌ಗಳದ್ದೂ ಇಂಥದೇ ಕತೆ. ಅಲ್ಲಿ ಬ್ರೇಕರ್ ಬಿಸಿಯಾಗಿ ಲೋಹದ ಪಟ್ಟಿಗೆ ಕಚ್ಚಿಕೊಳ್ಳುತ್ತದೆ. ಮೇಲೆ ಆಫ್ ಎಂದು ತೋರಿದರೂ ಒಳಗೆ ಕರೆಂಟ್ ಹರಿಯುತ್ತಲೇ ಇರಬಹುದು.

ಇಂಥ ಪ್ಯಾನಲ್ ಇರುವ ಮನೆಗೆ ವಿಮೆ ಕೊಡಲು ಹಲವು ಕಂಪನಿಗಳು ಒಪ್ಪುವುದಿಲ್ಲ. ಬೀಳದ ಬ್ರೇಕರ್ ಅಂದರೆ ಗೋಡೆಯೊಳಗೆ ಕಾಯುತ್ತಿರುವ ಬೆಂಕಿ. ಇಲ್ಲಿ ತಡ ಮಾಡಬಾರದು.

ಹಳೆ ಮನೆಗೆ ಹೊಸ ಕೋಡ್ ಯಾಕೆ?

"50 ವರ್ಷದಿಂದ ಏನೂ ಆಗದ ಮನೆಗೆ ಈಗ ಯಾಕೆ ಹೊಸ ನಿಯಮ?" ಅನ್ನುವುದು ತುಂಬಾ ಜನರ ಸಿಟ್ಟು. ಇದರ ಹಿಂದಿನ ತರ್ಕ ಅರ್ಥವಾದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಎನ್‌ಇಸಿ ಮೊದಲು ಬಂದದ್ದು 1897ರಲ್ಲಿ. ಈಗ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ. ಅದನ್ನು ಹೊರತರುವ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಶನ್, ಅಂದರೆ ಎನ್‌ಎಫ್‌ಪಿಎ ಒಂದು ಖಾಸಗಿ ಸಂಸ್ಥೆ. ರಾಜ್ಯವೋ ಊರೋ ಅಂಗೀಕರಿಸಿದ ಮೇಲೆಯೇ ಅದಕ್ಕೆ ಕಾನೂನಿನ ಬಲ. ಹಾಗಾಗಿ ಒಂದೇ ಸಮಯದಲ್ಲಿ ಒಂದು ಕಡೆ 2023ರ ಆವೃತ್ತಿ, ಇನ್ನೊಂದು ಕಡೆ 2020ರದ್ದು ನಡೆಯುತ್ತಿರಬಹುದು. ಕ್ಯಾಲಿಫೋರ್ನಿಯಾ ತನ್ನ ತಿದ್ದುಪಡಿ ಸೇರಿಸಿ ತನ್ನದೇ ಹೆಸರಿನ ಕೋಡ್ ಮಾಡಿಕೊಂಡಿದೆ. ಬೇರೆ ರಾಜ್ಯದ ಗೆಳೆಯರ ಮನೆಯಲ್ಲಿ ಪಾಸಾದದ್ದು ಇಲ್ಲಿ ಯಾಕೆ ಇಲ್ಲ ಅನ್ನುವ ಪ್ರಶ್ನೆಗೆ ಉತ್ತರ ಇದೇ. ಕೊನೆಯ ಮಾತು ಆ ಊರಿನ ಇಲಾಖೆಯದ್ದು.

ಕಟ್ಟಿದ ಕಾಲದ ಕೋಡ್‌ಗೆ ಸರಿಯಾಗಿ ಮಾಡಿದ್ದನ್ನು ಮುಟ್ಟದೆ ಬಿಟ್ಟರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಮುಟ್ಟಿದ ಭಾಗಕ್ಕೆ ಮಾತ್ರ ಈಗಿನ ನಿಯಮ. ಮೇನ್ ಪ್ಯಾನಲ್ ಬದಲಿಸುವಾಗ ಮುಟ್ಟುವುದು ಮನೆಯ ವಿದ್ಯುತ್ತಿನ ಹೆಬ್ಬಾಗಿಲನ್ನೇ. ಹಾಗಾಗಿ ಅದರ ಜೊತೆ ಕೆಲವು ಹೊಸ ವಸ್ತುಗಳು ತಾನಾಗಿ ಬಂದು ಸೇರುತ್ತವೆ. 2020ರ ಆವೃತ್ತಿಯಿಂದ ಮನೆಯ ಹೊರಗೆ, ಸುಲಭವಾಗಿ ಕೈಗೆ ಸಿಗುವ ಕಡೆ, ತುರ್ತಾಗಿ ಕರೆಂಟ್ ಕಡಿಯುವ ಸ್ವಿಚ್ ಇರಬೇಕು. ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರು ಹೊಗೆ ತುಂಬಿದ ನೆಲಮಾಳಿಗೆಗೆ ನುಗ್ಗಿ ಪ್ಯಾನಲ್ ಹುಡುಕುವಂತಾಗಬಾರದು ಅನ್ನುವುದು ಉದ್ದೇಶ. ಸಿಡಿಲು, ಲೈನ್ ದೋಷದಿಂದ ಬರುವ ಹೆಚ್ಚಿನ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂಡ ಕಡ್ಡಾಯವಾಗಿದ್ದು ಆಗಲೇ. ಅರ್ಥಿಂಗ್ ಕೂಡ ಹೊಸದಾಗಿ ನೋಡಬೇಕಾಗುತ್ತದೆ. ನೆಲಕ್ಕೆ ಹೊಡೆಯುವ 8 ಅಡಿ ಸರಳು ಒಂದೇ ಇದ್ದು, ಅದರ ರೋಧ 25 ಓಮ್ ಒಳಗಿದೆ ಎಂದು ತೋರಿಸಲಾಗದಿದ್ದರೆ, ಕನಿಷ್ಠ 6 ಅಡಿ ದೂರದಲ್ಲಿ ಎರಡನೆಯದು ಬೇಕು.

ಹಾಗಂತ ಇಡೀ ಮನೆಯ ವೈರಿಂಗ್ ಕಿತ್ತು ಹಾಕಬೇಕು ಅನ್ನುವುದು ಸುಳ್ಳು ಭಯ. ಹಳೆ ಸರ್ಕ್ಯೂಟ್‌ಗಳ ವೈರನ್ನು ಹೊಸ ಪ್ಯಾನಲ್‌ಗೆ ಮುಟ್ಟಿಸಲು 6 ಅಡಿಯೊಳಗೆ ಉದ್ದ ಮಾಡಿದರೆ, ಹೊಸ ಪ್ಲಗ್ ಸೇರಿಸದಿದ್ದರೆ, ಕಿಡಿ ಪತ್ತೆ ಹಚ್ಚುವ ದುಬಾರಿ ಬ್ರೇಕರ್‌ಗಳನ್ನು ಅವಕ್ಕೆಲ್ಲ ಹಾಕಲೇಬೇಕೆಂದು ಎನ್‌ಇಸಿ ಹೇಳುವುದಿಲ್ಲ. ಊರಿನ ತಿದ್ದುಪಡಿ ಬೇರೆ ಇದ್ದರೆ ಆ ಮಾತು ಬೇರೆ.

ಇನ್‌ಸ್ಪೆಕ್ಷನ್‌ನಲ್ಲಿ ಎಡವುವುದು ಎಲ್ಲಿ?

ಇಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನ್ಯೂಟ್ರಲ್ ಮತ್ತು ಅರ್ಥ್‌ನ ವಿಷಯ. ಸ್ವಲ್ಪ ನಿಧಾನವಾಗಿ ನೋಡೋಣ.

ನ್ಯೂಟ್ರಲ್‌ನ ಕೆಲಸ ಕರೆಂಟನ್ನು ವಾಪಸ್ ತರುವುದು. ಅದರಲ್ಲಿ ದಿನವೂ ಕರೆಂಟ್ ಹರಿಯುತ್ತದೆ. ಅರ್ಥ್ ತಂತಿಯಲ್ಲಿ ದಿನನಿತ್ಯ ಏನೂ ಹರಿಯಬಾರದು. ಏನಾದರೂ ಕೆಟ್ಟಾಗ ಮಾತ್ರ ಅದರಲ್ಲಿ ಭಾರಿ ಕರೆಂಟ್ ಹರಿದು ಬ್ರೇಕರ್ ಬೀಳಬೇಕು. ಇವೆರಡೂ ಮನೆಯಲ್ಲಿ ಒಂದೇ ಒಂದು ಕಡೆ ಸೇರಬೇಕು. ಅದು ಸರ್ವಿಸ್ ಡಿಸ್ಕನೆಕ್ಟ್, ಅಂದರೆ ಮೊದಲ ಮೇನ್ ಸ್ವಿಚ್ ಇರುವ ಜಾಗ. ಅಲ್ಲಿಂದ ಮುಂದೆ ಎಲ್ಲೂ ಇವು ಮುಟ್ಟಬಾರದು.

ಹಳೆ ಮನೆಯಲ್ಲಿ ಮೇನ್ ಒಳಗಿನ ಪ್ಯಾನಲ್‌ನಲ್ಲೇ ಇತ್ತು. ಹಾಗಾಗಿ ಅಲ್ಲಿ ನ್ಯೂಟ್ರಲ್, ಅರ್ಥ್ ಒಂದೇ ಪಟ್ಟಿಗೆ ಸಿಕ್ಕಿಸಿದ್ದರು. ಆಗ ಅದು ಸರಿಯಾಗಿಯೇ ಇತ್ತು. ಈಗ ಹೊಸ ನಿಯಮಕ್ಕಾಗಿ ಹೊರಗೆ ಸ್ವಿಚ್ ಬಂತು. ಅದನ್ನೇ ಸರ್ವಿಸ್ ಡಿಸ್ಕನೆಕ್ಟ್ ಮಾಡಿದರೆ, ಎರಡೂ ಸೇರುವ ಜಾಗ ಹೊರಗೆ ಹೋಯಿತು. ಒಳಗಿನದು ಬರೀ ಸಬ್ ಪ್ಯಾನಲ್ ಆಯಿತು. ಅಲ್ಲಿ ನ್ಯೂಟ್ರಲ್‌ಗಳನ್ನೆಲ್ಲ ಒಂದು ಪಟ್ಟಿಗೆ, ಅರ್ಥ್‌ಗಳನ್ನೆಲ್ಲ ಇನ್ನೊಂದಕ್ಕೆ ಬೇರೆ ಮಾಡಬೇಕು. ಹೊರಗಿನಿಂದ ಒಳಕ್ಕೆ ಬರುವ ಕೇಬಲ್‌ನಲ್ಲಿ ಮೂರು ತಂತಿ ಸಾಲದು, ನಾಲ್ಕು ಬೇಕು. ಇದನ್ನು ಮರೆತು ಹಳೆಯ ಹಾಗೇ ಬಿಟ್ಟರೆ, ನ್ಯೂಟ್ರಲ್‌ನಲ್ಲಿ ಹೋಗಬೇಕಾದ ಕರೆಂಟಿನ ಒಂದು ಪಾಲು ಅರ್ಥ್ ತಂತಿಯಲ್ಲಿ, ಪೆಟ್ಟಿಗೆಯ ಲೋಹದಲ್ಲಿ, ಕೆಲವೊಮ್ಮೆ ನೀರಿನ ಪೈಪಿನಲ್ಲಿ ಹರಿಯತೊಡಗುತ್ತದೆ. ದೀಪ ಉರಿಯುತ್ತದೆ, ಫ್ರಿಜ್ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಂದಾದರೂ ನ್ಯೂಟ್ರಲ್ ಕಡಿದುಹೋದ ದಿನ ಆ ಲೋಹ ಮುಟ್ಟಿದವರಿಗೆ ಶಾಕ್. ಇನ್‌ಸ್ಪೆಕ್ಟರ್ ಮುಚ್ಚಳ ತೆಗೆಸಿ ಮೊದಲು ಹುಡುಕುವ ಸಂಗತಿಗಳಲ್ಲಿ ಇದೂ ಒಂದು, ಅದಕ್ಕೆ ಕಾರಣ ಇದೇ.

ಇದಕ್ಕೆ ಬೇರೆ ದಾರಿಯೂ ಇದೆ. ಹೊರಗಿನ ಸ್ವಿಚ್ಚನ್ನು "ತುರ್ತು ಸ್ವಿಚ್ ಮಾತ್ರ, ಸರ್ವಿಸ್ ಉಪಕರಣ ಅಲ್ಲ" ಎಂಬ ಗುರುತಿನೊಂದಿಗೆ ಹಾಕಲು ಕೋಡ್ ಬಿಡುತ್ತದೆ. ಆಗ ಒಳಗಿನ ಪ್ಯಾನಲ್ ಮೊದಲಿನಂತೆ ಮುಖ್ಯವಾಗಿಯೇ ಉಳಿಯುತ್ತದೆ. ಮೀಟರ್‌ನಿಂದ ಒಳಗಿನ ಪ್ಯಾನಲ್‌ಗೆ ಹೋಗುವ ಕೇಬಲ್ ಗೋಡೆಯೊಳಗೆ ಹುದುಗಿರುವ ಮನೆಗಳಲ್ಲಿ ಇದರಿಂದ ಗೋಡೆ ಒಡೆಯುವ ಖರ್ಚು ಉಳಿಯಬಹುದು. ಕೊಟೇಶನ್ ಕೊಡುವವರು ಯಾವ ದಾರಿ ಹಿಡಿದಿದ್ದಾರೆ ಅನ್ನುವುದು ಮೊದಲೇ ಗೊತ್ತಿರಬೇಕು.

ಸಡಿಲ ಸ್ಕ್ರೂ ಇನ್ನೊಂದು. ಪ್ರತಿ ಟರ್ಮಿನಲ್ ಎಷ್ಟು ಬಿಗಿ ಇರಬೇಕು ಅನ್ನುವುದನ್ನು ತಯಾರಕರೇ ಪ್ಯಾನಲ್ ಬಾಗಿಲ ಒಳಗಿನ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಕೈಯಂದಾಜು ಸಾಲದು, ಟಾರ್ಕ್ ಅಳೆಯುವ ಉಪಕರಣದಿಂದಲೇ ಬಿಗಿಯಬೇಕು. 200 ಆಂಪ್‌ಗೆ ಬರುವ ದಪ್ಪ ತಂತಿ ಹೆಚ್ಚಾಗಿ ಅಲ್ಯುಮಿನಿಯಂ. ಅದು ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಸರಿಯಾಗಿ ಬಿಗಿಯದಿದ್ದರೆ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಸಡಿಲವಾದಲ್ಲಿ ಬಿಸಿ, ಬಿಸಿಯಾದಲ್ಲಿ ಇನ್ನಷ್ಟು ಸಡಿಲ. ಮುಖ್ಯ ನ್ಯೂಟ್ರಲ್ಲೇ ಸಡಿಲವಾದರೆ 120 ವೋಲ್ಟ್‌ನ ಎರಡು ಪಾಲುಗಳ ಸಮತೋಲ ತಪ್ಪುತ್ತದೆ. ಒಂದು ಕೋಣೆಯ ದೀಪ ಮಂಕಾಗಿ, ಇನ್ನೊಂದು ಕೋಣೆಯದ್ದು ಕಣ್ಣು ಕುಕ್ಕುವಷ್ಟು ಉರಿಯುತ್ತದೆ. ಇದು ಕಂಡರೆ ಕಾಯಬೇಡಿ, ಮೇನ್ ಆಫ್ ಮಾಡಿ ವಿದ್ಯುತ್ ಕಂಪನಿಗೆ ಫೋನ್ ಮಾಡಿ.

ಉಳಿದವು ಚಿಕ್ಕವು, ಆದರೆ ಎಷ್ಟೋ ಸಲ ನಪಾಸಿನ ಕೆಂಪು ಚೀಟಿ ಬರುವುದು ಇವುಗಳಿಂದಲೇ. ಪ್ಯಾನಲ್ ಮುಂದೆ 36 ಇಂಚು ಆಳ, 30 ಇಂಚು ಅಗಲ ಜಾಗ ಖಾಲಿ ಇರಬೇಕು. ಗ್ಯಾರೇಜಿನ ಡಬ್ಬಗಳನ್ನು ಅಲ್ಲಿ ಪೇರಿಸಿಟ್ಟಿದ್ದರೆ ಇನ್‌ಸ್ಪೆಕ್ಟರ್ ಬರುವ ಮೊದಲೇ ತೆಗೆಯಿರಿ. ಬಾತ್‌ರೂಮಿನಲ್ಲಿ, ಬಟ್ಟೆ ಇಡುವ ಕ್ಲೋಸೆಟ್ಟಿನಲ್ಲಿ ಪ್ಯಾನಲ್ ಇರುವಂತಿಲ್ಲ. ಹಳೆಯದು ಅಲ್ಲಿದ್ದರೆ ಜಾಗವನ್ನೇ ಬದಲಿಸಬೇಕಾಗಿ ಬಂದು ಖರ್ಚು ಏರುತ್ತದೆ. ಒಂದು ಸ್ಕ್ರೂ ಕೆಳಗೆ ಎರಡು ನ್ಯೂಟ್ರಲ್ ಸಿಕ್ಕಿಸುವಂತಿಲ್ಲ. ಬಳಸದ ತೂತುಗಳನ್ನು ಮುಚ್ಚಿರಬೇಕು.

ಕೊನೆಗೆ ಹೆಸರಿನ ಪಟ್ಟಿ. ಯಾವ ಬ್ರೇಕರ್ ಯಾವುದಕ್ಕೆ ಅನ್ನುವುದನ್ನು ಸ್ಪಷ್ಟವಾಗಿ ಬರೆದಿರಬೇಕು. "ಮಗಳ ರೂಮು" ಎಂದು ಬರೆದರೆ ಒಪ್ಪುವುದಿಲ್ಲ. ಮನೆಯಲ್ಲಿರುವವರು ಬದಲಾದರೆ ಅರ್ಥ ಕಳೆದುಕೊಳ್ಳುವ ಹೆಸರು ಬಳಸಬಾರದು ಎಂದು ಕೋಡ್ ಹೇಳುತ್ತದೆ. "ಎರಡನೇ ಮಹಡಿ, ಈಶಾನ್ಯ ಮೂಲೆಯ ಬೆಡ್‌ರೂಮ್" ಎಂದರೆ ಸರಿ. ಹತ್ತು ವರ್ಷದ ನಂತರ, ಆ ಮಗಳು ಎಲ್ಲೋ ಇರುವಾಗ, ಗೊತ್ತಿಲ್ಲದ ಯಾರೋ ಕತ್ತಲಲ್ಲಿ ಆ ಬ್ರೇಕರ್ ಹುಡುಕಬೇಕಾಗಬಹುದು. ಆ ಯಾರೋ ಒಬ್ಬರ ಜೀವಕ್ಕಾಗಿ ಬರೆದ ಸಾಲು ಅದು.

ವಿದ್ಯುತ್ ಕಂಪನಿಯ ಪಾಲು

ಪ್ಯಾನಲ್ ದೊಡ್ಡದಾದರೆ ಸಾಕಾ? ಅದಕ್ಕೆ ಕರೆಂಟ್ ತರುವ ತಂತಿಯೂ ದಪ್ಪ ಇರಬೇಕಲ್ಲ. ಬೀದಿಯಿಂದ ಬರುವ ತಂತಿ, ಟ್ರಾನ್ಸ್‌ಫಾರ್ಮರ್ ಎರಡೂ ವಿದ್ಯುತ್ ಕಂಪನಿಯ ಸ್ವತ್ತು. ಅವಕ್ಕೆ ಎನ್‌ಇಸಿ ಅನ್ವಯಿಸುವುದಿಲ್ಲ, ಅವರ ನಿಯಮಪುಸ್ತಕವೇ ಬೇರೆ. ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ಹಲವು ಮನೆಗಳಿಗೆ ಕರೆಂಟ್ ಹೋಗುತ್ತಿರುತ್ತದೆ. ನೀವು 200 ಆಂಪ್ ಕೇಳಿದಾಗ ಅದು ತಡೆಯುತ್ತದೆಯೇ ಎಂದು ಅವರು ನೋಡಬೇಕು. ತಡೆಯದಿದ್ದರೆ ಬದಲಿಸಬೇಕು. ಕೆಲವು ವರ್ಷಗಳಿಂದ ಟ್ರಾನ್ಸ್‌ಫಾರ್ಮರ್‌ಗಳ ಕೊರತೆಯೂ ಇದೆ.

ಕಂಬದಿಂದ ತೂಗಿ ಬರುವ ತಂತಿಯಾದರೆ ಕೆಲಸ ಬೇಗ ಮುಗಿಯುತ್ತದೆ. ನೆಲದಡಿಯಲ್ಲಿದ್ದರೆ ಹಳೆ ಪೈಪಿನಲ್ಲಿ ಹೊಸ ದಪ್ಪ ತಂತಿ ತೂರದೇ ಇರಬಹುದು. ಕೆಲವು ಕಡೆ ಪೈಪೇ ಇಲ್ಲದೆ ಕೇಬಲ್ಲನ್ನು ಹಾಗೇ ಮಣ್ಣಿನಲ್ಲಿ ಹೂತಿರುತ್ತಾರೆ. ಆಗ ಅಂಗಳ ಅಗೆಯಬೇಕು. ಆ ಖರ್ಚು ಹಲವು ಕಡೆ ಮನೆಯವರ ತಲೆಗೇ ಬರುತ್ತದೆ. ಪ್ಯಾನಲ್‌ನ ಕೊಟೇಶನ್ನಿನಲ್ಲಿ ಇದು ಇರುವುದಿಲ್ಲ, ಆಮೇಲೆ ಬಂದು ಬೀಳುತ್ತದೆ. ಅದಕ್ಕೇ ಪ್ಯಾನಲ್ ಕೊಳ್ಳುವ ಮೊದಲು ವಿದ್ಯುತ್ ಕಂಪನಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಬೇಕು.

ಪರ್ಮಿಟ್ ಇಲ್ಲದೆ ಮಾಡಿಸಿದರೆ?

ಮೇನ್ ಬ್ರೇಕರ್ ಆಫ್ ಮಾಡಿದರೂ ಅದರ ಮೇಲಿನ ಎರಡು ದಪ್ಪ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನು ಕಡಿಯಬೇಕಾದವರು ವಿದ್ಯುತ್ ಕಂಪನಿಯವರು. ಸಾಮಾನ್ಯ ಕ್ರಮ ಹೀಗೆ: ಪರ್ಮಿಟ್ ತೆಗೆದುಕೊಳ್ಳುವುದು, ಕಂಪನಿಯವರು ಕರೆಂಟ್ ಕಡಿಯುವುದು, ಎಲೆಕ್ಟ್ರಿಷಿಯನ್ ಕೆಲಸ ಮುಗಿಸುವುದು, ಇನ್‌ಸ್ಪೆಕ್ಟರ್ ನೋಡಿ ಒಪ್ಪಿಗೆಯ ಹಸಿರು ಚೀಟಿ ಅಂಟಿಸುವುದು, ಆಮೇಲೆ ಮತ್ತೆ ಕರೆಂಟ್. ಗುಟ್ಟಾಗಿ ಮಾಡುವವರು ಮೀಟರಿನ ಸೀಲ್ ತಾವೇ ಒಡೆಯುತ್ತಾರೆ, ಇಲ್ಲವೇ ಜೀವಂತ ತಂತಿಯ ಮೇಲೆ ಕೆಲಸ ಮಾಡುತ್ತಾರೆ. ಎರಡೂ ಜೀವಕ್ಕೆ ಅಪಾಯ.

ಹಾಗೆ ಮಾಡಿಸಿದ್ದು ಬೆಳಕಿಗೆ ಬರುವುದು ಹೆಚ್ಚಾಗಿ ಮನೆ ಮಾರುವಾಗ. ಕೊಳ್ಳುವವರ ಕಡೆಯವರು ಹೊಸ ಪ್ಯಾನಲ್ ನೋಡಿ ಇಲಾಖೆಯ ದಾಖಲೆ ಹುಡುಕುತ್ತಾರೆ, ಅಲ್ಲಿ ಪರ್ಮಿಟ್ ಸಿಗುವುದಿಲ್ಲ. ಆಗ ಮುಚ್ಚಿದ್ದನ್ನೆಲ್ಲ ಮತ್ತೆ ಬಿಚ್ಚಿ ತೋರಿಸಬೇಕು, ಅದೂ ಆ ದಿನದ ಕೋಡ್ ಪ್ರಕಾರ. ಬೆಂಕಿ ಅವಘಡವಾದರೆ ವಿಮೆ ಕಂಪನಿಯ ಜೊತೆ ಜಗಳ ಬೇರೆ.

ಪರ್ಮಿಟ್ ತೆಗೆದವರೂ ಒಂದು ಕಡೆ ಎಡವುತ್ತಾರೆ. ಕೆಲಸ ಮುಗಿದು ಕರೆಂಟ್ ಬಂದ ಮೇಲೆ ಅಂತಿಮ ಇನ್‌ಸ್ಪೆಕ್ಷನ್ ಯಾರಿಗೂ ನೆನಪಿರುವುದಿಲ್ಲ. ಕಂಟ್ರಾಕ್ಟರ್ ಹಣ ತೆಗೆದುಕೊಂಡು ಹೋಗಿರುತ್ತಾರೆ, ಪರ್ಮಿಟ್ ತೆರೆದೇ ಉಳಿದು ಅವಧಿ ಮುಗಿಯುತ್ತದೆ. ಹಾಗಾಗಿ ಅಂತಿಮ ಒಪ್ಪಿಗೆ ಸಿಕ್ಕ ಮೇಲೆಯೇ ಕೊನೆಯ ಕಂತು ಎಂದು ಒಪ್ಪಂದದಲ್ಲೇ ಬರೆಸುವುದು ಒಳ್ಳೆಯದು. ಅದೇ ಕಾಗದದಲ್ಲಿ ಇನ್ನೂ ಮೂರು ಸಂಗತಿ ಇರಲಿ: ಲೋಡ್ ಲೆಕ್ಕದ ಪ್ರತಿ, ಊರಲ್ಲಿ ಜಾರಿಯಲ್ಲಿರುವ ಕೋಡ್‌ನ ವರ್ಷ, ಮತ್ತು ಇನ್‌ಸ್ಪೆಕ್ಷನ್ ಪಾಸಾಗದಿದ್ದರೆ ತಿದ್ದುವ ಖರ್ಚು ಯಾರದ್ದು ಅನ್ನುವುದು. ಈ ಮೂರಕ್ಕೂ ನೇರ ಉತ್ತರ ಕೊಡದವರ ಕೈಗೆ ಪ್ಯಾನಲ್ ಕೊಡಬೇಡಿ.